ಎರಡು ಗೂಟ

ಇಬ್ಬರು ದಾದಿಯರಲ್ಲಿ ಒಬ್ಬಳನ್ನು ಕೆಲಸದಿಂದ ಬಿಡಿಸಬೇಕೆಂದು ಬೆಳಗಿನ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಮನೆಯಾಕೆ ತೀರ್ಮಾನಿಸಿಬಿಟ್ಟಿದ್ದರು. ಲಕ್ವ ಹೊಡೆದು ಯಜಮಾನರ ಮಾತು ಹೋಗಿತ್ತು; ಬಲಗೈ ಮಾತ್ರ ಅಲ್ಪಸ್ವಲ್ಪ ಆಡುತ್ತಿತ್ತು. ಈಗ ಒರಗಿ ಕೂರುವಷ್ಟು ಚೇತರಿಸಿಕೊಂಡಿದ್ದರಿಂದ ಒಬ್ಬಳೇ ಸಾಕು. ಯಾರನ್ನು ಉಳಿಸಿಕೊಳ್ಳುವುದು ಎಂದು ಯೋಚಿಸುವ ಅಗತ್ಯವೇ ಆಕೆಗೆ ಬೀಳಲಿಲ್ಲ.

ಮನುಷ್ಯರನ್ನು ಒಂದೇ ನೋಟಕ್ಕೆ ಅಳೆಯುವ ಗುಣವನ್ನು ದೇವರು ತಮಗೆ ಕೊಟ್ಟಿದ್ದಾನೆಂದು ಆಕೆ ನಂಬಿದ್ದರು. ಹೊಸಬರು ಯಾರೇ ಹೊಸಿಲು ದಾಟಲಿ, ಹಳಬರಲ್ಲಿ ಯಾರ ಹಾಗಿದ್ದಾರೆಂದು ನೋಡಿ ಆ ಗೂಟಕ್ಕೆ ನೇತುಹಾಕಿಬಿಡುವುದು. ಮತ್ತೆ ಇಳಿಸುವ ಮಾತಿಲ್ಲ. ಉದ್ದನೆಯ ದಾದಿ ತಲೆ ತಗ್ಗಿಸಿಕೊಂಡು ಬಂದಳು, ಥೇಟ್ ತೀರಿಹೋದ ಅಕ್ಕನ ಹಾಗೆ. ಅಕ್ಕ ಎಂದರೆ ದೇವತೆ. ಗುಂಗುರು ಕೂದಲಿನವಳು ಬಂದ ದಿನವೇ ಬಾಯಿ ತುಂಬ ನಕ್ಕಳು. ಜಗಳವಾಡಿ ಮಾತು ಬಿಟ್ಟಿದ್ದ ನಾದಿನಿಯೂ ಹೀಗೇ ನಗುತ್ತಿದ್ದಳು. ಅಷ್ಟೇ ಸಾಕಾಯಿತು.

ಅಲ್ಲಿಂದಾಚೆ ಆ ಮನೆಯ ಒಳ್ಳೆಯದೆಲ್ಲ ಒಂದು ಗೂಟಕ್ಕೆ, ಕೆಟ್ಟದ್ದೆಲ್ಲ ಇನ್ನೊಂದಕ್ಕೆ ತಾನಾಗಿಯೇ ಹೋಗಿ ಸೇರತೊಡಗಿತು. ಉದ್ದನೆಯವಳು ಮೊಬೈಲು ನೋಡುತ್ತ ಕೂತಿದ್ದಾಗ ಯಜಮಾನರು ಮಂಚದಿಂದ ಜಾರಿಬಿದ್ದರು. ಮನೆಯಾಕೆ ಕಣ್ಣಾರೆ ಕಂಡಿದ್ದರು. ವಾರ ಕಳೆಯುವುದರೊಳಗೆ ಆಕೆಯ ನೆನಪಿನಲ್ಲಿ ಬೀಳಿಸಿದವಳು ಗುಂಗುರು ಕೂದಲಿನವಳಾಗಿದ್ದಳು.

ಮಗಳಿಗೆ ತಡೆಯಲಾಗಲಿಲ್ಲ. “ಅಮ್ಮಾ, ತುತ್ತು ಗಂಟಲಿಗೆ ಸಿಕ್ಕಿ ಅಪ್ಪನ ಉಸಿರು ಕಟ್ಟಿದಾಗ ಬೆನ್ನು ಗುದ್ದಿ ಉಳಿಸಿದ್ದು ಈ ಗುಂಗುರು ಕೂದಲಿನವಳೇ ಅಲ್ವಾ?”

“ಅವಳು ಹಲ್ಲು ಕಿರಿದುಕೊಂಡು ನಿಂತಿದ್ಲು. ಉಳಿಸಿದ್ದು ಇನ್ನೊಬ್ಳು. ನಮ್ಮಕ್ಕನ ಕೈಗುಣವೂ ಹಾಗೇ ಇತ್ತು.”

“ಇನ್ನೊಬ್ಳು ಆವತ್ತು ರಜಾ ಹಾಕಿದ್ಲಮ್ಮ.”

“ನೋಡು ಮತ್ತೆ! ರಜಾ ಇದ್ರೂ ಓಡಿ ಬಂದ್ಲು ಅಂದ್ರೆ ಎಂಥಾ ಮನಸ್ಸು.”



ವಿಷಯ ತಿಳಿಸಿದಾಗ ಗುಂಗುರು ಕೂದಲಿನವಳು ಕೈಚೀಲ ತೆಗೆದುಕೊಂಡು ಮಂಚದ ಬಳಿ ಬಂದು, ಮುದುಕರ ಗಲ್ಲದ ಜೊಲ್ಲು ಒರೆಸಿ, “ಬರ್ತೀನಿ ತಾತ. ತುತ್ತು ಸಣ್ಣದಾಗಿ ತಗೊಳ್ಳಿ, ಆತುರ ಮಾಡ್ಬೇಡಿ” ಎಂದಳು. ಮಂಚದ ಆ ಬದಿಯಲ್ಲಿ ಉದ್ದನೆಯವಳು ಊಟದ ಬಟ್ಟಲಲ್ಲಿ ದೊಡ್ಡ ಚಮಚವೊಂದನ್ನು ಆಡಿಸುತ್ತಿದ್ದಳು. ಅವಳ ತಲೆ ಎಂದಿನಂತೆ ತಗ್ಗಿಯೇ ಇತ್ತು. ಮೊಬೈಲು ತೊಡೆಯ ಮೇಲಿತ್ತು.

ಯಜಮಾನರ ಬಲಗೈ ಹೊದಿಕೆಯ ಮೇಲೆ ತೆವಳಿಕೊಂಡು ಬಂದು ಗುಂಗುರು ಕೂದಲಿನವಳ ಮಣಿಕಟ್ಟನ್ನು ಹಿಡಿಯಿತು. ಗಂಟಲಲ್ಲಿ ಏನೋ ಗೊರಗೊರ ಎಂದಿತು. ಅವಳು ಅವರ ಬೆರಳನ್ನು ಒಂದೊಂದಾಗಿ ಬಿಡಿಸಿದಳು. ಬಿಡಿಸಿದ ಬೆರಳು ಮತ್ತೆ ಹೋಗಿ ಬಿಗಿಯಿತು. ಹೆಂಡತಿಯನ್ನೇ ನೋಡುತ್ತಿದ್ದ ಕಣ್ಣಲ್ಲಿ ನೀರು ಇಳಿಯಿತು.

ಬಾಗಿಲಲ್ಲಿ ನಿಂತಿದ್ದ ಮನೆಯಾಕೆ ಇದನ್ನೂ ಕಣ್ಣಾರೆ ಕಂಡರು. ಮಗಳ ಕಡೆ ತಿರುಗಿ ಹೇಳಿದರು:

“ನೋಡಿದ್ಯಾ? ಹೋಗೋ ಹೊತ್ತಲ್ಲೂ ಅವರ ಕೈ ಬಿಡ್ತಿಲ್ಲ ಇವಳು.”