ಉಳಿದರ್ಧ

“ಎಂತ, ಇವತ್ತಾದರೂ ಉತ್ತರ ಕೊಡ್ತೀರಾ?”

ಬೋಳಾರದ ಮನೆಯಲ್ಲಿ ಶಿಲುಬೆಯ ಮುಂದೆ ಮೊಣಕಾಲೂರಿದ್ದ ಪಾವ್ಲಿನ್ ಪಕ್ಕದ ಖಾಲಿ ಚಾಪೆಯನ್ನು ಕೇಳಿದಳು. ಜಪಮಾಲೆಯ ಪ್ರಾರ್ಥನೆಯನ್ನು ಒಬ್ಬರು ಅರ್ಧ ಹೇಳಿದರೆ ಉಳಿದರ್ಧವನ್ನು ಇನ್ನೊಬ್ಬರು ಹೇಳಬೇಕು. ಸಾವಿರದ ಒಂಬೈನೂರ ಐವತ್ತೇಳರ ಬೇಸಿಗೆಯಲ್ಲಿ ಹಂಚು ತುಂಬಿದ ಹಾಯಿಹಡಗು ಹತ್ತಿ ಹೋದ ಗಂಡ ಇನಾಸ್ ಎರಡು ಮಳೆಗಾಲ ಕಳೆದರೂ ತಿರುಗಿ ಬಂದಿರಲಿಲ್ಲ. ಅವಳು ತನ್ನ ಅರ್ಧ ಹೇಳಿ, ಅವನ ಅರ್ಧಕ್ಕೆ ಬೇಕಾಗುವಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ಮುಂದಿನ ಮಣಿಗೆ ಬೆರಳು ಸರಿಸುವಳು.

ಆ ಸಂಜೆ ಅವಳ ಮೌನದ ನಡುವೆ ಬಾಗಿಲ ಕಡೆಯಿಂದ ಉಳಿದರ್ಧ ಕೇಳಿಸಿತು. ಗಂಡನ ಅಕ್ಕ ನಾತಾಲ್ ಒಳಗೆ ಬಂದು ಪಕ್ಕದಲ್ಲೇ ಮೊಣಕಾಲೂರಿದಳು. ಕೇಳಿದ್ದಕ್ಕೆ ಮನುಷ್ಯರ ದನಿಯೊಂದು ಓಗೊಡುವ ಸುಖವನ್ನೇ ಪಾವ್ಲಿನ್ ಮರೆತಿದ್ದಳು. ಕೊನೆಯ ಮಣಿಯವರೆಗೂ ಇಬ್ಬರೂ ಹೇಳಿದರು.

“ನೋಡು, ಎಷ್ಟು ಚಂದ ಆಯ್ತು! ಒಬ್ಬಳೇ ಗೂಬೆಯ ಹಾಗೆ ಕೂತು ಎಂತ ಮಾಡ್ತಿ? ದಿನಾ ನಾನು ಬರ್ತೇನೆ,” ಎಂದಳು ನಾತಾಲ್. ಮತ್ತೆ ದನಿ ತಗ್ಗಿಸಿ, “ಈಗ ತೀರಿಹೋದವರ ಪ್ರಾರ್ಥನೆ ಒಂದು ಬಾಕಿ ಉಂಟು. ಅದರಲ್ಲಿ ಇನಾಸನ ಹೆಸರು ಹೇಳು. ಹೆಂಡತಿಯೇ ಹೇಳದಿದ್ರೆ ಪಾಪ, ಅವನ ಆತ್ಮಕ್ಕೆ ಯಾರು ಗತಿ? ಹೇಳುದಿಲ್ಲ ಅಂತಾದ್ರೆ, ಅವ ಬದುಕಿದ್ದಾನೆ ಅನ್ನುವ ನಿನ್ನ ಹಟಕ್ಕೆ ತಾಳ ಹಾಕ್ಲಿಕ್ಕೆ ನಾಳೆಯಿಂದ ನಾನು ಬರುದಿಲ್ಲ, ಮಾರಾಯ್ತಿ,” ಎಂದಳು.

ಪಾವ್ಲಿನ್ ಅತ್ತಿಗೆಯ ಬೆಚ್ಚನೆಯ ಕೈಯನ್ನು ಒಮ್ಮೆ ಬಿಗಿಯಾಗಿ ಹಿಡಿದು, ಬಿಟ್ಟಳು.

“ಇಲ್ಲ ಅಕ್ಕ. ಅದನ್ನು ನಾನು ಹೇಳುದಿಲ್ಲ.”