ಹಾಲೇಶನ ಚರಿತ್ರೆಯ ಕೊನೆಯ ಪುಟ

ವೀರಬಸಪ್ಪನವರು ತಮ್ಮದೇ ಕಾರಿನ ಟೈರಿನ ಗಾಳಿ ಇಳಿಸುತ್ತಿದ್ದರು. ಎಂಬತ್ತರ ಹತ್ತಿರದ ಮುದುಕರು, ಆನವಟ್ಟಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟು ನಾಲ್ಕು ಜನರಿಂದ ಸೈ ಅನ್ನಿಸಿಕೊಂಡವರು, ಕಳ್ಳನ ಹಾಗೆ ಕುಕ್ಕರಗಾಲಲ್ಲಿ ಕೂತು ಕಡ್ಡಿಯಿಂದ ವಾಲ್ವ್ ಒತ್ತುತ್ತಿದ್ದರು. ಹೆಂಡತಿ ಇವತ್ತು ಶಿಕಾರಿಪುರ ತಲುಪಬಾರದು. ಅಷ್ಟಾದರೆ ಸಾಕಿತ್ತು.

"ಟೈರು ಕೂತುಬಿಟ್ಟೈತೆ," ಎಂದು ಒಳಗೆ ಬಂದು ಹೇಳಿದರು.

ರಾಜೇಶ್ವರಮ್ಮ ಇಳಕಲ್ ಸೀರೆ ಉಟ್ಟು, ವಿಭೂತಿ ಹಚ್ಚಿಕೊಂಡು ಆಗಲೇ ತಯಾರಾಗಿದ್ದರು.

"ಇರ್ಲಿ ಬಿಡ್ರೀ. ಅಶ್ವಿನಿ ಮೇಡಂ ಕಾರು ಕಳಿಸ್ತಾರೆ. ನಿನ್ನೇನೇ ಫೋನ್ ಮಾಡಿದ್ದೆ. ನಮ್ಮ ಕಾರು ಕೆಡಬಹುದು ಅನ್ನಿಸ್ತು."

ತಾನೊಂದು ಬಗೆದರೆ ದೈವವೊಂದು ಬಗೆಯುತ್ತದಂತೆ. ವೀರಬಸಪ್ಪನವರು ಕೈಗೆ ಹತ್ತಿದ ಮಸಿ ಒರೆಸಿಕೊಂಡು ಅಂಗಿ ಬದಲಾಯಿಸಲು ಹೋದರು.

ಶಿಕಾರಿಪುರದಲ್ಲಿ ಆ ದಿನ ಒಂದು ಹಳೆಯ ಪುಸ್ತಕದ ಮರುಮುದ್ರಣ ಬಿಡುಗಡೆಯಿತ್ತು: ಕವಿ ಹಾಲೇಶನ ಜೀವನಚರಿತ್ರೆ. ಹಾಲೇಶ ಬಳ್ಳಿಗಾವಿಯವನು, ರಾಜೇಶ್ವರಮ್ಮನ ಅಣ್ಣ. ಬೆಳದಿಂಗಳು, ಹಕ್ಕಿ, ಸಿಗದ ಹುಡುಗಿ ಎಂದು ಹಾಡಿಕೊಂಡೇ ಕ್ಷಯ ಹತ್ತಿ, ಮೀಸೆ ಸರಿಯಾಗಿ ಬಲಿಯುವ ಮೊದಲೇ ಹೋಗಿಬಿಟ್ಟ ರಮ್ಯ ಕವಿ. ಚರಿತ್ರೆ ಬರೆದದ್ದು ಅವನ ಗೆಳೆಯ, ಅದೇ ಊರಿನ ಶೇಷಪ್ಪ ಮೇಷ್ಟ್ರು. ಆಮೇಲೆ ದಪ್ಪ ದಪ್ಪ ಚರಿತ್ರೆಗಳು ಬಂದವು. ಆದರೆ ಹಾಸಿಗೆಯ ಪಕ್ಕ ಕೂತು ಕಂಡು ಬರೆದವರು ಮೇಷ್ಟ್ರು ಒಬ್ಬರೇ. ಅದಕ್ಕೇ ಕಾಲೇಜಿನ ಅಧ್ಯಾಪಕಿ ಅಶ್ವಿನಿ ಅದನ್ನೇ ಹುಡುಕಿ ಮತ್ತೆ ಅಚ್ಚು ಹಾಕಿಸಿದ್ದಳು. ಕೊನೆಯ ಪುಟವನ್ನು ಸಭೆಯಲ್ಲಿ ತಾನೇ ಓದುವವಳಿದ್ದಳು.

ಆ ಪುಟದಲ್ಲಿ ಮೇಷ್ಟ್ರು ಹೀಗೆ ಬರೆದಿದ್ದರು: 'ಹಾಲೇಶ ಬಾಗಿಲನ್ನೇ ನೋಡುತ್ತಿದ್ದ. ರಾಜಿ ಬಂದಳೇ ಎಂದು ಕೇಳುತ್ತಲೇ ಇದ್ದ. ಆಳು ಜಟ್ಟಪ್ಪನನ್ನು ಎರಡು ಸಲ ಸೈಕಲ್ ಮೇಲೆ ಆನವಟ್ಟಿಗೆ ಓಡಿಸಿದೆ. ತಂಗಿಯನ್ನು ಕಳಿಸಲಿಲ್ಲ. ಕೇಳುತ್ತಲೇ ಹೋದ.'

ಎರಡು ಸಲವೂ ಜಟ್ಟಪ್ಪನನ್ನು ಅಂಗಡಿಯ ಮೆಟ್ಟಿಲಿಂದಲೇ ಹಿಂದಕ್ಕೆ ಅಟ್ಟಿದವರು ವೀರಬಸಪ್ಪ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಹೆಂಡತಿ ಬಸುರಿ. ಕ್ಷಯವೆಂದರೆ ಬೀದಿಗೆ ಬೀದಿಯೇ ಬಾಗಿಲು ಹಾಕಿಕೊಳ್ಳುತ್ತಿದ್ದ ಕಾಲ. ಮನೆಯಲ್ಲಿ ಅವರು ಬಾಯಿ ಬಿಡಲಿಲ್ಲ. ಮರುದಿನ ಸುದ್ದಿ ಬಂದಾಗ ಮಣ್ಣಿಗೆ ಕರೆದುಕೊಂಡು ಹೋದರು. ಬಸುರಿಯ ಮುಂದೆ ಅಲ್ಲಿ ಯಾರೂ ಆ ಮಾತೆತ್ತಲಿಲ್ಲ.

ಪುಸ್ತಕ ಬಂದ ದಿನವೂ ಅವರು ಅಂಗಡಿಯಲ್ಲಿದ್ದರು. ಮೇಷ್ಟ್ರೇ ಮನೆಗೆ ಬಂದು, ಮಜ್ಜಿಗೆ ಕುಡಿದು, ಒಂದು ಪ್ರತಿ ಕೊಟ್ಟು ಹೋಗಿದ್ದರು. ರಾಜೇಶ್ವರಮ್ಮನಿಗೆ ಅಕ್ಷರ ಬಾರದು. ಸಂಜೆ ಕೊನೆಯ ಪುಟ ಬಿಡಿಸಿ ಗಂಡನ ಮುಂದೆ ಹಿಡಿದರು.

"ಇದನ್ನ ಓದ್ರೀ."

ಅವರು ಓದಿದರು. ಕಣ್ಣು ಅಚ್ಚಿನ ಮೇಲಿತ್ತು, ಬಾಯಲ್ಲಿ ಬಂದದ್ದೇ ಬೇರೆ: 'ಹಾಲೇಶನಿಗೆ ಎಚ್ಚರವಿರಲಿಲ್ಲ. ಯಾರನ್ನೂ ಕೇಳಲಿಲ್ಲ. ನೋವಿಲ್ಲದೆ ನಿದ್ದೆಯಲ್ಲೇ ಹೋದ.'

"ಇಷ್ಟೇ ಬರ್ದಾರೇನ್ರೀ?"

"ಇಷ್ಟೇ."

ಅಲ್ಲಿಂದ ಪ್ರತಿ ವರ್ಷ ಅಣ್ಣನ ಪುಣ್ಯತಿಥಿಗೆ, ಫೋಟೋಕ್ಕೆ ಹೂವಿಟ್ಟು, ರಾಜೇಶ್ವರಮ್ಮ ಅದೇ ಪುಟ ಓದಿಸುತ್ತಿದ್ದರು. ಬೇರೆ ಪುಟ ಎಂದೂ ಬೇಕೆನ್ನಲಿಲ್ಲ. ಓದುವಷ್ಟು ಹೊತ್ತೂ ಗಂಡನ ಮುಖವನ್ನೇ ನೋಡುತ್ತಿದ್ದರು. ಅದೇ ಪ್ರಶ್ನೆ, ಅದೇ ಉತ್ತರ. ಹೇಳಿಬಿಡೋಣ ಎಂದು ವೀರಬಸಪ್ಪನವರು ಎಷ್ಟೋ ಸಲ ಬಾಯಿ ತೆರೆದದ್ದುಂಟು. ಅವಳು ಮುಖ ತಿರುಗಿಸಿದರೆ ಆ ಮನೆಯಲ್ಲಿ ಬಾಳುವುದು ಹೇಗೆ ಎಂದು ಹೆದರಿ ಮತ್ತೆ ಮುಚ್ಚುತ್ತಿದ್ದರು. ಪುಣ್ಯಕ್ಕೆ ಅವಳಿಗೆ ಓದು ಬಾರದು ಎಂದುಕೊಂಡು, ಹಾಗೆ ಅಂದುಕೊಂಡಿದ್ದಕ್ಕೆ ತಮ್ಮನ್ನೇ ಬೈದುಕೊಳ್ಳುತ್ತಿದ್ದರು.

ಸಭಾಂಗಣ ತುಂಬಿತ್ತು. ಎಲ್ಲರ ಕೈಯಲ್ಲೂ ಹೊಸ ಪ್ರತಿ. ಗಂಡಹೆಂಡತಿಯನ್ನು ಮುಂದಿನ ಸಾಲಿನಲ್ಲೇ ಕೂರಿಸಿದ್ದರು.

"ಇಸವಿ, ತಾರೀಖು ಬೇಕಾದ್ರೆ ಹೊಸ ಚರಿತ್ರೆ ನೋಡಿ," ಎಂದಳು ಅಶ್ವಿನಿ. "ಹಾಲೇಶ ಬೇಕು ಅಂದ್ರೆ ಇದನ್ನೇ ಓದಬೇಕು. ಕೊನೆಯ ಪುಟ ತೆಗೀರಿ."

ಹಾಳೆ ಮಗುಚುವ ಸದ್ದು ಸಭೆಯ ತುಂಬ ಹರಡಿತು. ವೀರಬಸಪ್ಪನವರು ಹೆಂಡತಿಯ ಮುಂಗೈ ಹಿಡಿದರು.

"ಎದ್ದು ಹೋಗೋಣ ಬಾ. ಎದೆ ನೋಯ್ತೈತೆ."

ಅದು ಮಾತ್ರ ಸುಳ್ಳಾಗಿರಲಿಲ್ಲ. ರಾಜೇಶ್ವರಮ್ಮ ಒಂದು ಗಳಿಗೆ ಅವರನ್ನು ನೋಡಿದರು. ಮೆಲ್ಲಗೆ ಕೈ ಬಿಡಿಸಿಕೊಂಡು ಎದ್ದು ನಿಂತರು.

"ಮೇಡಂ, ಅದನ್ನ ನಾನು ಹೇಳ್ತೀನಿ. ನನಗೆ ಬಾಯಿಪಾಠ ಐತಿ."

ಯಾರೋ ಮೈಕು ತಂದು ಹಿಡಿದರು. ರಾಜೇಶ್ವರಮ್ಮ ಸೆರಗು ಹೊದ್ದು ಹೇಳಿದರು: "ಹಾಲೇಶನಿಗೆ ಎಚ್ಚರವಿರಲಿಲ್ಲ. ಯಾರನ್ನೂ ಕೇಳಲಿಲ್ಲ. ನೋವಿಲ್ಲದೆ ನಿದ್ದೆಯಲ್ಲೇ ಹೋದ."

ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಸಾಲಿನ ಮೇಲೆ ಬೆರಳಿಟ್ಟು ಕೂತಿದ್ದವರು ತಲೆ ಎತ್ತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಪಾಪ, ಅಜ್ಜಿಗೆ ಮರೆವು," ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು. ಅಶ್ವಿನಿ ಪುಟ ನೋಡಿದಳು, ರಾಜೇಶ್ವರಮ್ಮನನ್ನು ನೋಡಿದಳು. ಪುಸ್ತಕ ಮುಚ್ಚಿದಳು.

ವೀರಬಸಪ್ಪನವರು ತಲೆ ತಗ್ಗಿಸಿದರು. ಕಣ್ಣೀರು ಪಂಚೆಯ ಮೇಲೆ ಬೀಳುತ್ತಿತ್ತು. ತಾವು ಉಣಿಸಿದ ಸುಳ್ಳನ್ನು ನಂಬಿ, ಅವಳು ಹತ್ತೂರ ಜನರ ಮುಂದೆ ಪೆದ್ದಿಯಾಗಿ ನಿಂತಿದ್ದಳು. ಅವಳು ಬಂದು ಪಕ್ಕದಲ್ಲಿ ಕೂತಾಗ ಇನ್ನು ತಡೆಯಲಾಗಲಿಲ್ಲ.

"ರಾಜೀ, ಆ ಪುಟದಾಗೆ ಇರೋದು ಅದಲ್ಲ..."

"ಪುಸ್ತಕ ತಂದ ದಿನಾನೇ ಮೇಷ್ಟ್ರು ಓದಿ ಹೇಳಿದ್ರು ರೀ," ಎಂದರು ರಾಜೇಶ್ವರಮ್ಮ. "ನೀವು ಯಾವತ್ತು ಓದ್ತೀರೋ ಅಂತ ಕಾಯ್ತಿದ್ದೆ."