ಬೇರೆ ತೂಗುಹಾಕಿದ್ದ ಪೈಪು

ಕ್ಯಾರವಾನ್ ಪ್ರವಾಸಕ್ಕೆ ಹೊರಟ ಆರು ಜನರಲ್ಲಿ ಪಂಕಜಾಕ್ಷಿಯೊಬ್ಬರಿಗೇ ಮೂರು ದಿನದಿಂದ ಊಟ-ತಿಂಡಿ ಸೇರುತ್ತಿರಲಿಲ್ಲ. ಬೆಟ್ಟ ಹತ್ತುವುದರಲ್ಲಿ ಅವರು ಯಾರಿಗೂ ಕಮ್ಮಿಯಿರಲಿಲ್ಲ. ತಾಪತ್ರಯವೆಲ್ಲ ಜೊತೆಗೆ ಬಂದಿದ್ದ ಗೈಡನದು. ದಿನಾ ಬೆಳಿಗ್ಗೆ ಗಾಡಿಯ ಕಕ್ಕಸಿನ ತೊಟ್ಟಿ ಖಾಲಿ ಮಾಡುವವನೂ ಅವನೇ, ಆಮೇಲೆ ಎಲ್ಲರಿಗೂ ಚಹಾ ಕೊಡುವವನೂ ಅವನೇ! ತೊಟ್ಟಿ ಹೊರಬಂದ ಕೂಡಲೇ ಅವರು ಮೂಗು ಮುಚ್ಚಿ ದೂರ ಓಡುತ್ತಿದ್ದರು.

“ಕೈಗವಸು ಹಾಕಿದ್ದೆ ಮೇಡಂ. ಸೋಪು ಹಚ್ಚಿ ತೊಳೆದೂ ಇದ್ದೀನಿ.”

“ಎಷ್ಟು ತೊಳೆದರೇನಪ್ಪಾ, ಥೂ! ಕೈ ಅದೇ ತಾನೇ?”

ನಾಲ್ಕನೆಯ ದಿನ ಎಲ್ಲರೂ ಬೆಟ್ಟ ಇಳಿದು ಬಾಯಾರಿ ಕುಸಿದಾಗ, ಪಂಕಜಾಕ್ಷಿ ತಾವೇ ನಲ್ಲಿಯಿಂದ ನೀರು ಹಿಡಿದು ತಂದು ನಿಂಬೆಹಣ್ಣಿನ ಪಾನಕ ಮಾಡಿದರು. ಉಳಿದ ಐವರೂ ಎರಡೆರಡು ಲೋಟ ಏರಿಸಿದರು. ಪಂಕಜಾಕ್ಷಿಯೂ ತೃಪ್ತಿಯಾಗಿ ಕುಡಿದರು. ಗೈಡಿಗೆ ಮಾತ್ರ ಕೊಡಲಿಲ್ಲ. ಅವನು ಮುಟ್ಟಿದ ಲೋಟವನ್ನು ಆಮೇಲೆ ಯಾರು ಮುಟ್ಟುತ್ತಾರೆ?

“ಅಂತೂ ಇವತ್ತು ಚೊಕ್ಕವಾದದ್ದೊಂದು ಗಂಟಲಿಗಿಳಿಯಿತು,” ಎಂದರು, ಅವನಿಗೆ ಕೇಳಿಸಲೆಂದೇ.

ಅವನು ನಲ್ಲಿಯ ಕಡೆ ನೋಡಿದ. “ನೀರು ಯಾವುದರಲ್ಲಿ ಹಿಡಿದ್ರಿ ಮೇಡಂ? ಕುಡಿಯೋ ನೀರಿನ ನೀಲಿ ಪೈಪು ನಾನು ಸುತ್ತಿಟ್ಟ ಹಾಗೇ ಇದೆಯಲ್ಲ?”

“ನೀನು ಮುಟ್ಟಿದ್ದನ್ನ ನಾನು ಮುಟ್ತೀನಾ? ಗಾಡಿಯ ಹಿಂದೆ ಕರಿ ಪೈಪೊಂದನ್ನ ಮಡಿಬಟ್ಟೆ ಥರ ಬೇರೆ ತೂಗುಹಾಕಿತ್ತಲ್ಲ, ಅದರಲ್ಲಿ ಹಿಡಿದೆ.”

ಗೈಡ್ ಖಾಲಿ ಲೋಟಗಳನ್ನು ಒಂದೊಂದಾಗಿ ನೋಡಿದ.

“ಅದು ಕಕ್ಕಸಿನ ತೊಟ್ಟಿ ತೊಳೆಯೋ ಪೈಪು ಮೇಡಂ. ಯಾರಿಗೂ ತಾಗಬಾರದು ಅಂತಲೇ ಬೇರೆ ತೂಗುಹಾಕಿದ್ದೆ.”